ಕನ್ವರ್ಟರ್ ಯಾವುದೇ ಇರಲಿ, ಮೂಲ ಫೈಲ್ ಅಳಿಸಬೇಡಿ

ಈ ಸಲ ಒಂದು ಹಳೇ ಪ್ರಶ್ನೆಯ ಇತಿಹಾಸ ಹೇಳ್ತೀನಿ. 2005ರಿಂದ 2012ರ ಆಸುಪಾಸಿನಲ್ಲಿ ಎಂಜಿನಿಯರಿಂಗ್ ಓದಿದವರು ಹಾಸ್ಟೆಲಿನಲ್ಲಿ ಒಂದಲ್ಲ ಒಂದು ದಿನ ಇದನ್ನ ಕೇಳಿಯೇ ಇರ್ತೀರಿ: "ಮಗಾ, ಈ ವಿಡಿಯೋ ಫೋನಿಗೆ ಹಾಕ್ಬೇಕು, ಯಾವ ಕನ್ವರ್ಟರ್ ಒಳ್ಳೇದು?"

ನಮ್ಮ ಹಾಸ್ಟೆಲಲ್ಲಿ ಈ ಪ್ರಶ್ನೆಗೆ ಉತ್ತರ ಹೇಳ್ತಾ ಇದ್ದದ್ದು ನಾನು. ನನ್ನ ಪೆನ್‌ಡ್ರೈವಿನಲ್ಲಿ ಐದಾರು ಕನ್ವರ್ಟರುಗಳು ಯಾವಾಗಲೂ ಇರ್ತಿದ್ದವು. ನಾನು ಕೊಟ್ಟ ಉತ್ತರಗಳು ಆ ಕಾಲಕ್ಕೆ ತಪ್ಪೇನಲ್ಲ. ಆದರೆ ಪ್ರಶ್ನೆಯೇ ಅರ್ಧ ಇತ್ತು ಅಂತ ಗೊತ್ತಾಗೋಕೆ ಎಂಟು ವರ್ಷ ಬೇಕಾಯಿತು. ಅದಕ್ಕೆ ನಮ್ಮ ಮನೆಯಲ್ಲಿ ದಂಡವನ್ನೂ ಕಟ್ಟಿದ್ದೇವೆ. ಅದನ್ನ ಕೊನೆಗೆ ಹೇಳ್ತೀನಿ, ಮೊದಲು ಇತಿಹಾಸ.

ಕನ್ವರ್ಟ್ ಯಾಕೆ ಮಾಡಬೇಕಿತ್ತು?

ವಿಡಿಯೋ ಫೈಲ್ ಅಂದರೆ ಒಂದು ಡಬ್ಬಿ ಅಂದುಕೊಳ್ಳಿ. ಎವಿಐ, ಎಂಪಿ4, ಎಂಕೆವಿ, 3ಜಿಪಿ ಇವೆಲ್ಲ ಡಬ್ಬಿಯ ಹೆಸರುಗಳು. ಡಬ್ಬಿಯೊಳಗೆ ಚಿತ್ರವನ್ನ ಒಂದು ರೀತಿ, ಧ್ವನಿಯನ್ನ ಇನ್ನೊಂದು ರೀತಿ ಒತ್ತಿ ತುಂಬಿರ್ತಾರೆ. ಆ ಒತ್ತುವ, ಬಿಡಿಸುವ ವಿಧಾನವೇ ಕೋಡೆಕ್. ಕಂಪ್ಯೂಟರಿಗೆ ಗೊತ್ತಿಲ್ಲದ ಕೋಡೆಕ್ ಬಂದರೆ ಒಂದು ಸಾಫ್ಟ್‌ವೇರ್ ಹಾಕಿ ಕಲಿಸಬಹುದಿತ್ತು. ಆಗಿನ ಫೋನಿನ ಸಣ್ಣ ಚಿಪ್ಪಿಗೆ ಹಾಗೆ ಕಲಿಸೋಕೆ ಆಗ್ತಿರಲಿಲ್ಲ. ಕಾರ್ಖಾನೆಯಲ್ಲಿ ಏನು ಹೇಳಿಕೊಟ್ಟಿದ್ದಾರೋ ಅಷ್ಟೇ ಅದರ ವಿದ್ಯೆ. ಹಾಗಾಗಿ ಫೋನು ಬಗ್ಗೋದಿಲ್ಲ, ಫೈಲೇ ಬಗ್ಗಬೇಕು.

ಒತ್ತುವ ವಿಧಾನಗಳನ್ನ ಗೊತ್ತುಮಾಡಿದ ದೊಡ್ಡ ಗುಂಪು ಎಂಪೆಗ್. 1988ರಲ್ಲಿ ಇಟಲಿಯ ಲಿಯೊನಾರ್ಡೊ ಕಿಯರಿಲಿಯೋನೆ ಮತ್ತು ಜಪಾನಿನ ಹಿರೋಶಿ ಯಸುದ ಶುರು ಮಾಡಿದ್ದು. ಇವರ ಮೊದಲ ಮಾನದಂಡ ಎಂಪೆಗ್-1. ಅದರ ಮೇಲೆ ನಿಂತದ್ದೇ 1993ರ ವಿಸಿಡಿ. ನಮ್ಮ ಟಿವಿ ಪದ್ಧತಿಗೆ 352x288 ಪಿಕ್ಸೆಲ್ ಚಿತ್ರ, ಸೆಕೆಂಡಿಗೆ 25 ಫ್ರೇಮ್, ಚಿತ್ರಕ್ಕೆ ಸೆಕೆಂಡಿಗೆ 1150 ಕಿಲೋಬಿಟ್, ಧ್ವನಿಗೆ 224. ಒಂದು ಡಿಸ್ಕಿಗೆ ಹಿಡಿಸೋದು 74 ನಿಮಿಷ. ನಮ್ಮ ಸಿನಿಮಾಗಳು ಎರಡು, ಮೂರು ಸಿಡಿಯಲ್ಲಿ ಬರ್ತಿದ್ದದ್ದು ಇದಕ್ಕೇ. ಡಿಸ್ಕ್ ಹಾಕಿ 'ಎಂಪೆಗ್‌ಎವಿ' ಅನ್ನೋ ಫೋಲ್ಡರ್ ತೆಗೆದು, 'ಎವಿಸೆಕ್01 ಡಾಟ್ ಡ್ಯಾಟ್' ಅನ್ನೋ ಫೈಲನ್ನ ಹಾರ್ಡ್ ಡಿಸ್ಕಿಗೆ ಎಳೆದುಹಾಕಿದ ನೆನಪು ನಿಮ್ಮಲ್ಲಿ ಎಷ್ಟೋ ಜನಕ್ಕೆ ಇರಬೇಕು.

ಫೋನಿನ ದಾರಿ ಬೇರೆ. ದೂರಸಂಪರ್ಕದವರು ವಿಡಿಯೋ ಕರೆಗಾಗಿ 1990ರ ದಶಕದ ಮಧ್ಯದಲ್ಲಿ ಎಚ್.263 ಅನ್ನೋ ಕೋಡೆಕ್ ಮಾಡಿಕೊಂಡಿದ್ದರು. ಅದರ ಜೊತೆಗೆ ಫೋನ್ ಮಾತಿಗೆ ಅಂತ ಮಾಡಿದ ಎಎಂಆರ್ ಧ್ವನಿಯನ್ನ ಸೇರಿಸಿ 3ಜಿಪಿ ಡಬ್ಬಿಗೆ ತುಂಬಿದರು. ಚಿತ್ರದ ಅಳತೆ ಸಾಮಾನ್ಯವಾಗಿ 176x144. ಗುಣಿಸಿ ನೋಡಿ: 25,344 ಪಿಕ್ಸೆಲ್. ವಿಸಿಡಿಯ ಚಿತ್ರದಲ್ಲಿ 1,01,376. ಅಂದರೆ ಸರಿಯಾಗಿ ಕಾಲು ಭಾಗ.

ಒಂದೊಂದು ಯಂತ್ರಕ್ಕೆ ಒಂದೊಂದು ಹಟ

2004ರ ಡಿಸೆಂಬರಿನಲ್ಲಿ ಸೋನಿ ಜಪಾನಿನಲ್ಲಿ ಪಿಎಸ್‌ಪಿ ಬಿಡುಗಡೆ ಮಾಡಿತು. ಪರದೆ ಚೆನ್ನಾಗಿತ್ತು, 480x272. ಆದರೆ ಮೆಮೊರಿ ಸ್ಟಿಕ್ಕಿನಲ್ಲಿ ಅದು ಹೇಳಿದ ಹೆಸರಿನ ಫೋಲ್ಡರಿನಲ್ಲೇ ಫೈಲ್ ಇರಬೇಕಿತ್ತು, ಫೈಲಿನ ಹೆಸರೂ 'ಎಂ4ವಿ' ಅಂತ ಶುರುವಾಗಿ ಮುಂದೆ ಐದು ಅಂಕಿ ಇರಬೇಕಿತ್ತು. ಒಂದಕ್ಷರ ತಪ್ಪಿದರೂ ಫೈಲ್ ಕಾಣ್ತಿರಲಿಲ್ಲ. ನೀವು ಪ್ರೀತಿಯಿಂದ ಸಿನಿಮಾದ ಹೆಸರು ಕೊಟ್ಟಿದ್ದರೆ ಅದಕ್ಕೆ ಬೆಲೆಯೇ ಇಲ್ಲ.

2005ರ ಅಕ್ಟೋಬರಿನಲ್ಲಿ ಆಪಲ್ ವಿಡಿಯೋ ಆಡುವ ಐಪಾಡ್ ತಂತು. ಎರಡೂವರೆ ಇಂಚಿನ ಪರದೆ, 320x240. ಎಚ್.264 ಆದರೆ ಬೇಸ್‌ಲೈನ್ ಪ್ರೊಫೈಲೇ ಆಗಬೇಕು, ಸೆಕೆಂಡಿಗೆ 768 ಕಿಲೋಬಿಟ್ ದಾಟಬಾರದು. ಎಚ್.264 ಅನ್ನೋದು 2003ರಲ್ಲಿ ಎಂಪೆಗ್ ಮತ್ತು ದೂರಸಂಪರ್ಕದವರು ಕೂಡಿ ಮುಗಿಸಿದ ಕೋಡೆಕ್. ಅದರಲ್ಲಿ ಹಲವು ಮಟ್ಟಗಳಿವೆ. ಹೆಸರು ಒಂದೇ ಆದರೂ ಒಂದು ಯಂತ್ರಕ್ಕೆ ದಕ್ಕಿದ್ದು ಇನ್ನೊಂದಕ್ಕೆ ದಕ್ಕೋದಿಲ್ಲ.

ಇವೆರಡೂ ನಮ್ಮ ಹಾಸ್ಟೆಲಲ್ಲಿ ಅಪರೂಪ. ನಮ್ಮ ಕೈಗೆ ಎಟುಕಿದ್ದು ಬಜಾರಿನಲ್ಲಿ ಸಿಗ್ತಿದ್ದ ಚೀನಾದ 'ಎಂಪಿ4 ಪ್ಲೇಯರ್'. ತಮಾಷೆ ಏನಂದರೆ ಅವುಗಳಲ್ಲಿ ಎಷ್ಟೋ ಪ್ಲೇಯರುಗಳು ಎಂಪಿ4 ಫೈಲನ್ನೇ ಆಡ್ತಿರಲಿಲ್ಲ. ಅವು ಕೇಳ್ತಿದ್ದದ್ದು ಎಎಂವಿ ಅನ್ನೋ ವಿಚಿತ್ರ ಫೈಲ್. ಎವಿಐ ಡಬ್ಬಿಯನ್ನೇ ತಿರುಚಿ ಮಾಡಿದ್ದು. ಪ್ರತಿ ಫ್ರೇಮೂ ಒಂದೊಂದು ಜೆಪೆಗ್ ಫೋಟೋದ ಹಾಗೆ ಕೂತಿರ್ತಿತ್ತು. ಅಳತೆ ಕೆಲವದ್ದು 128x96. ಹಣೆಯ ಬೊಟ್ಟಿನಷ್ಟು ಸಿನಿಮಾ.

ಇಷ್ಟು ಹಟಮಾರಿ ಯಂತ್ರಗಳು ಇದ್ದಾಗ ವ್ಯಾಪಾರ ಹುಟ್ಟದೇ ಇರುತ್ತಾ? ಐಪಾಡಿಗೆ ಒಂದು ಕನ್ವರ್ಟರ್, ಪಿಎಸ್‌ಪಿಗೆ ಒಂದು, 3ಜಿಪಿಗೆ ಇನ್ನೊಂದು. ಒಂದೇ ಕಂಪನಿ ಒಂದೇ ಸಾಫ್ಟ್‌ವೇರಿಗೆ ಬಣ್ಣ ಬದಲಿಸಿ ನಾಲ್ಕು ಹೆಸರಲ್ಲಿ ಮಾರಿದ್ದೂ ಉಂಟು. ಟ್ರಯಲ್ ಆವೃತ್ತಿಯಾದರೆ ಚಿತ್ರದ ನಡುವೆ ಕಂಪನಿಯ ಹೆಸರಿನ ಮುದ್ರೆ, ಇಲ್ಲವೇ ಐದೇ ನಿಮಿಷ ಕನ್ವರ್ಟ್ ಆಗಿ ನಿಂತುಬಿಡೋದು. ಹುಡುಗರು ನನ್ನ ಹತ್ತಿರ ಬರ್ತಿದ್ದದ್ದು ಇದನ್ನ ತಪ್ಪಿಸೋಕೆ.

ಎಲ್ಲದರ ಹೊಟ್ಟೆಯಲ್ಲೂ ಒಂದೇ ಎಂಜಿನ್

ಒಂದು ದಿನ ಯಾವುದೋ ಕನ್ವರ್ಟರ್ ಕೈಕೊಟ್ಟಿತು ಅಂತ ಅದರ ಪ್ರೋಗ್ರಾಮ್ ಫೋಲ್ಡರ್ ತೆಗೆದು ನೋಡಿದೆ. ಒಳಗೆ 'ಎಫ್‌ಎಫ್‌ಎಂಪೆಗ್' ಅಂತ ಒಂದು ಸಣ್ಣ ಎಕ್ಸಿಕ್ಯೂಟಬಲ್ ಕೂತಿತ್ತು. ಕುತೂಹಲಕ್ಕೆ ಇನ್ನೊಂದು ಕನ್ವರ್ಟರಿನ ಫೋಲ್ಡರ್ ತೆಗೆದೆ. ಅಲ್ಲೂ ಅದೇ. ಮೂರನೆಯದರಲ್ಲಿ ಅದೇ ಎಂಜಿನ್ನಿನ ಲೈಬ್ರರಿ ಫೈಲುಗಳು. ನಾನು 'ಇದು ಅದಕ್ಕಿಂತ ಒಳ್ಳೇದು' ಅಂತ ವಾದ ಮಾಡಿದ್ದೆಲ್ಲ ಒಂದೇ ಎಂಜಿನ್ನಿಗೆ ಹಾಕಿದ ಬೇರೆ ಬೇರೆ ಬಾಡಿಯ ಬಗ್ಗೆ.

ಈ ಎಂಜಿನ್ನನ್ನ 2000ದಲ್ಲಿ ಶುರು ಮಾಡಿದ್ದು ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಅನ್ನೋ ಪ್ರೋಗ್ರಾಮರ್. ಮೊದಮೊದಲು ಗುಪ್ತನಾಮದಲ್ಲಿ ಕೆಲಸ ಮಾಡಿದರು. ಹೆಸರಿನ ಮೊದಲ ಎರಡು ಅಕ್ಷರ ಅಂದರೆ 'ಫಾಸ್ಟ್ ಫಾರ್ವರ್ಡ್'. ಕ್ಯೂಎಂಯು ಅನ್ನೋ ವರ್ಚುವಲ್ ಮಷೀನ್ ಸಾಫ್ಟ್‌ವೇರನ್ನ ನಮ್ಮಲ್ಲಿ ತುಂಬಾ ಜನ ಕೆಲಸದಲ್ಲಿ ಬಳಸಿರ್ತೀರಿ. ಅದನ್ನ ಶುರು ಮಾಡಿದ್ದೂ ಇವರೇ. 2009ರ ಕೊನೆಗೆ ಒಂದು ಸಾಮಾನ್ಯ ಡೆಸ್ಕ್‌ಟಾಪ್ ಇಟ್ಟುಕೊಂಡು ಪೈ ಬೆಲೆಯನ್ನ ಸುಮಾರು 2.7 ಲಕ್ಷ ಕೋಟಿ ಅಂಕಿಗಳವರೆಗೆ ಲೆಕ್ಕ ಹಾಕಿ ಅಂದಿನ ದಾಖಲೆ ಮುರಿದವರೂ ಇವರೇ. 2004ರಿಂದ ಎಫ್‌ಎಫ್‌ಎಂಪೆಗ್ ಯೋಜನೆಯನ್ನ ಮುನ್ನಡೆಸಿದ್ದು ಮೈಕೆಲ್ ನೀಡರ್‌ಮಾಯರ್. ಜಗತ್ತಿನ ಬೇರೆ ಬೇರೆ ಮೂಲೆಯ ಸ್ವಯಂಸೇವಕರು, ಕಾಗದಪತ್ರವೇ ಇಲ್ಲದ ಫೈಲ್ ರೂಪಗಳನ್ನ ಬಿಚ್ಚಿ ನೋಡಿ, ಊಹಿಸಿ, ಅದಕ್ಕೆ ಕಲಿಸಿದರು. ಆ ಚೀನಾ ಪ್ಲೇಯರಿನ ಎಎಂವಿಯನ್ನೂ ಬಿಡಲಿಲ್ಲ.

ಇದು ಮುಕ್ತ ತಂತ್ರಾಂಶ, ಲೈಸೆನ್ಸ್ ಎಲ್‌ಜಿಪಿಎಲ್. ಕೆಲವು ಭಾಗ ಸೇರಿಸಿಕೊಂಡರೆ ಜಿಪಿಎಲ್. ಇದನ್ನ ಒಳಗಿಟ್ಟುಕೊಂಡು ದುಡ್ಡಿಗೆ ಮಾರೋದು ತಪ್ಪಲ್ಲ. ಆದರೆ ಬಳಸಿದ್ದೇವೆ ಅಂತ ಹೇಳಬೇಕು, ಅದರ ಸೋರ್ಸ್ ಕೋಡ್ ಕೊಡಬೇಕು. ಎಷ್ಟೋ ಕಂಪನಿಗಳು ಎರಡನ್ನೂ ಮಾಡಲಿಲ್ಲ. ಕೊನೆಗೆ ಎಫ್‌ಎಫ್‌ಎಂಪೆಗ್‌ನವರು ಹಾಗೆ ಮಾಡಿದವರ ಹೆಸರುಗಳನ್ನ ಪಟ್ಟಿ ಮಾಡಿ, 'ಹಾಲ್ ಆಫ್ ಶೇಮ್' ಅಂತ ಹೆಸರಿಟ್ಟು ತಮ್ಮ ತಾಣದಲ್ಲಿ ಹಾಕಿದರು.

ಮನೆಯೊಳಗೆ ಜಗಳವೂ ಆಯಿತು. 2011ರಲ್ಲಿ ಒಂದು ಗುಂಪು ಹೊರಗೆ ಹೋಗಿ ಲಿಬ್‌ಎವಿ ಅಂತ ಬೇರೆ ಒಲೆ ಹೂಡಿತು. ಆ ಕಾಲದಲ್ಲಿ ಉಬುಂಟು ಬಳಸಿದವರಿಗೆ ನೆನಪಿರಬಹುದು, ಎಫ್‌ಎಫ್‌ಎಂಪೆಗ್ ಕಮಾಂಡ್ ಕೊಟ್ಟರೆ 'ಇದು ಹಳೆಯದು, ಎವಿಕಾನ್ವ್ ಬಳಸಿ' ಅಂತ ಬರ್ತಿತ್ತು. ನಾನು ಎಂಟೆಕ್ ಲ್ಯಾಬಿನಲ್ಲಿ ಅದನ್ನ ನಂಬಿ ನನ್ನ ಸ್ಕ್ರಿಪ್ಟುಗಳನ್ನೆಲ್ಲ ಬದಲಿಸಿದ್ದೆ. 2015ರ ಹೊತ್ತಿಗೆ ಡೆಬಿಯನ್, ಉಬುಂಟು ಎರಡೂ ಎಫ್‌ಎಫ್‌ಎಂಪೆಗ್‌ಗೇ ವಾಪಸ್ ಬಂದವು. ನಾನೂ ಸ್ಕ್ರಿಪ್ಟುಗಳನ್ನ ಮತ್ತೆ ಬದಲಿಸಿದೆ. ಇವತ್ತು ವಿಎಲ್‌ಸಿಯ ಒಳಗೂ ಕ್ರೋಮ್ ಬ್ರೌಸರಿನ ಒಳಗೂ ಇದರ ಕೋಡ್ ಇದೆ. 2021ರಲ್ಲಿ ಮಂಗಳ ಗ್ರಹದಲ್ಲಿ ಇಳಿದ ನಾಸಾದ ಪರ್ಸಿವಿಯರೆನ್ಸ್ ನೌಕೆ, ತಾನು ಇಳಿಯುವ ದೃಶ್ಯಗಳನ್ನ ಒತ್ತೋಕೆ ಇದನ್ನೇ ಬಳಸಿತು.

ಕಮಾಂಡ್ ಟೈಪ್ ಮಾಡೋಕೆ ಬೇಸರ ಅನ್ನೋರಿಗೆ ಹ್ಯಾಂಡ್‌ಬ್ರೇಕ್ ಬಂತು. 2003ರಲ್ಲಿ ಎರಿಕ್ ಪೆಟಿ ಅನ್ನೋರು ಬಿಓಎಸ್ ಅನ್ನೋ ಆಪರೇಟಿಂಗ್ ಸಿಸ್ಟಮ್‌ಗಾಗಿ ಬರೆದದ್ದು. ನಡುವೆ ಕೆಲಸ ನಿಂತಾಗ ಬೇರೆಯವರು ಮೀಡಿಯಾಫೋರ್ಕ್ ಅಂತ ಹೆಸರಿಟ್ಟು ಮುಂದುವರಿಸಿದರು. 2007ರಲ್ಲಿ ಎರಡೂ ಮತ್ತೆ ಒಂದಾದವು. 1.0 ಅನ್ನೋ ಅಂಕಿ ಮುಟ್ಟಿದ್ದು 2016ರ ಡಿಸೆಂಬರ್ 24ಕ್ಕೆ, ಹುಟ್ಟಿ 13 ವರ್ಷದ ಮೇಲೆ. ಇದೂ ಮುಕ್ತ ತಂತ್ರಾಂಶ. ಒಳಗೆ ಎಫ್‌ಎಫ್‌ಎಂಪೆಗ್‌ನ ಲೈಬ್ರರಿಗಳು, ಎಕ್ಸ್264 ಎನ್‌ಕೋಡರ್ ಎಲ್ಲ ಇದ್ದಾವೆ, ಮತ್ತು ಹಾಗಂತ ಹೇಳಿಕೊಳ್ಳುತ್ತದೆ.

ಹ್ಯಾಂಡ್‌ಬ್ರೇಕಿನ ಪ್ರೀಸೆಟ್ ಪಟ್ಟಿಯನ್ನ ನೋಡೋದೇ ಒಂದು ಇತಿಹಾಸ ಪಾಠ. ಹಳೇ ಆವೃತ್ತಿಗಳಲ್ಲಿ ಐಪಾಡ್, ಪಿಎಸ್‌ಪಿ ಅಂತ ಇತ್ತು. ಈಗಿನ ಪಟ್ಟಿಯಲ್ಲಿ ಅವು ಇಲ್ಲ. ಯಂತ್ರಗಳು ಹೋದವು, ಅವುಗಳ ಹೆಸರೂ ಹೋಯಿತು. ಆದರೆ ಆ ಯಂತ್ರಗಳಿಗೆ ಅಂತ ನಾವು ಕತ್ತರಿಸಿದ ಫೈಲುಗಳು ಮಾತ್ರ ಹಾಗೇ ಉಳಿದವು. ಈಗ ನಮ್ಮ ಮನೆ ವಿಷಯಕ್ಕೆ ಬರ್ತೀನಿ.

ಅಜ್ಜನ ತಾಳಮದ್ದಳೆ

ನಮ್ಮೂರು ಹೊನ್ನಾವರದ ಕಡೆ. ಅಜ್ಜ ತಾಳಮದ್ದಳೆಯಲ್ಲಿ ಅರ್ಥ ಹೇಳ್ತಿದ್ದರು. ದೊಡ್ಡ ಹೆಸರೇನಲ್ಲ, ಸುತ್ತಲ ನಾಲ್ಕು ಊರಿಗೆ ಗೊತ್ತಿದ್ದವರು. 2001ರಲ್ಲಿ ನಮ್ಮನೆ ಜಗಲಿಯಲ್ಲೇ 'ಕೃಷ್ಣ ಸಂಧಾನ' ಆಯಿತು. ಅಜ್ಜನದ್ದು ಕೌರವ. ಚಿಕ್ಕಪ್ಪ ಪೇಟೆಯ ಸ್ಟುಡಿಯೋದವರನ್ನ ಕರೆಸಿ ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡಿಸಿದರು, ಆಮೇಲೆ ಅದನ್ನ ಎರಡು ವಿಸಿಡಿ ಮಾಡಿಸಿದರು. ಎರಡೂಕಾಲು ಗಂಟೆ. ಅಜ್ಜ 2004ರಲ್ಲಿ ತೀರಿಕೊಂಡರು.

2007ರಲ್ಲಿ ನನಗೆ ಮೆಮೊರಿ ಕಾರ್ಡ್ ಹಾಕುವ ಫೋನ್ ಸಿಕ್ಕಿತು, 128 ಎಂಬಿ ಕಾರ್ಡ್. ಊರಿಂದ ಬರುವಾಗ ಆ ಎರಡು ವಿಸಿಡಿಯನ್ನ ತಂದು, ಹಾಸ್ಟೆಲಿನ ಕಂಪ್ಯೂಟರಿಗೆ ಕಾಪಿ ಮಾಡಿ, 3ಜಿಪಿಗೆ ಕನ್ವರ್ಟ್ ಮಾಡಿದೆ. ಸುಮಾರು 1.4 ಜಿಬಿ ಇದ್ದದ್ದು 77 ಎಂಬಿಗೆ ಇಳಿಯಿತು. 'ಅಜ್ಜ ಈಗ ಜೇಬಲ್ಲಿ' ಅಂತ ಗೆಳೆಯರಿಗೆ ತೋರಿಸಿಕೊಂಡು ತಿರುಗಿದೆ. 40 ಜಿಬಿ ಹಾರ್ಡ್ ಡಿಸ್ಕ್ ತುಂಬಿತ್ತು, ಹೊಸ ಸಿನಿಮಾಕ್ಕೆ ಜಾಗ ಬೇಕಿತ್ತು. ಆ ಎರಡು ಮೂಲ ಫೈಲನ್ನ ಅಳಿಸಿದೆ. ಡಿಸ್ಕ್ ಇದೆಯಲ್ಲ ಅನ್ನೋ ಧೈರ್ಯ. ಡಿಸ್ಕುಗಳನ್ನ ಕವರ್ ಇಲ್ಲದೆ ಬ್ಯಾಗಿನಲ್ಲಿ ಹಾಕಿಕೊಂಡು ಊರಿಗೆ ವಾಪಸ್ ಒಯ್ದವನೂ ನಾನೇ.

2015ರಲ್ಲಿ ಮನೆಗೆ ದೊಡ್ಡ ಟಿವಿ ಬಂತು. ಅಜ್ಜನ ಆಟ ಹಾಕು ಅಂದರು ಎಲ್ಲರೂ. ಡಿಸ್ಕುಗಳ ಮೇಲೆ ಗೀರು. ವಿಸಿಡಿಯಲ್ಲಿ ಜಾಗ ಉಳಿಸೋಕೆ ಅಂತ, ಡೇಟಾ ಸಿಡಿಯಲ್ಲಿ ಇರುವ ತಪ್ಪು ಸರಿಪಡಿಸುವ ಹೆಚ್ಚುವರಿ ಪದರವನ್ನ ಬಿಟ್ಟಿರ್ತಾರೆ, ಹಾಗಾಗಿ ಗೀರು ಬಿದ್ದ ಕಡೆ ಚಿತ್ರ ಚೂರುಚೂರು. ಕ್ಯಾಸೆಟ್ ತೆಗೆದರೆ ಕರಾವಳಿ ಮಳೆಗಾಲಗಳ ಬೂಷ್ಟು ಟೇಪಿನ ಒಳಗೇ ಹಿಡಿದಿತ್ತು. ಪೂರ್ತಿ ಉಳಿದದ್ದು ನನ್ನ 3ಜಿಪಿ ಒಂದೇ.

ಅದನ್ನೇ ಟಿವಿಗೆ ಹಾಕಿದೆ. ಬರೀ ಚೌಕ ಚೌಕ. ಧ್ವನಿ ಇನ್ನೂ ಬೇರೆ ಕಥೆ. ಎಎಂಆರ್ ಮಾಡಿದ್ದು ಮನುಷ್ಯನ ಮಾತಿಗೆ. ಸೆಕೆಂಡಿಗೆ 8000 ಸ್ಯಾಂಪಲ್, ಹೆಚ್ಚೆಂದರೆ 12.2 ಕಿಲೋಬಿಟ್, ಗಂಟಲಿಂದ ದನಿ ಹೇಗೆ ಹೊರಡುತ್ತೆ ಅನ್ನೋ ಲೆಕ್ಕದ ಮೇಲೆ ಅದು ನಡೆಯೋದು. ಚೆಂಡೆ ಮದ್ದಳೆ ಅದರ ಲೆಕ್ಕಕ್ಕೇ ಸಿಗೋದಿಲ್ಲ. ಅಜ್ಜನ ಅರ್ಥ ಮಾತು ಮಾತಾಗಿ ಕೇಳ್ತಿತ್ತು. ಭಾಗವತರ ಪದ ಬಂದ ಕೂಡಲೇ ತಗಡಿನ ಮೇಲೆ ಜಲ್ಲಿ ಸುರಿದ ಹಾಗೆ. ಅಮ್ಮ ಸ್ವಲ್ಪ ಹೊತ್ತು ನೋಡಿ, "ಮಾತು ಕೇಳ್ತದೆ ತಮಾ, ಮುಖ ಗೊತ್ತಾಗೂದಿಲ್ಲ" ಅಂದರು. ಬೈಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ಎಐ ಇದೆಯಲ್ಲ, ಚಿತ್ರ ದೊಡ್ಡದು ಮಾಡೋಕೆ ಆಗಲ್ವಾ ಅಂತ ಕೇಳಬಹುದು. ಮಾಡಿ ನೋಡಿದ್ದೀನಿ. ಮುಖ ನುಣ್ಣಗೆ ಬಂತು, ಕಣ್ಣು ಮೂಗು ಎಲ್ಲ ಬಂತು. ಆದರೆ ಅದು ಅಜ್ಜನ ಮುಖ ಅಲ್ಲ. ಫೈಲಿನಲ್ಲಿ ಇಲ್ಲದ್ದನ್ನ ಅದು ಬೇರೆ ಸಾವಿರಾರು ಮುಖಗಳಿಂದ ಊಹಿಸಿ ತುಂಬುತ್ತೆ. ಆ ಕಾಪಿಯನ್ನ ಅಮ್ಮನಿಗೆ ತೋರಿಸದೇ ಅಳಿಸಿದೆ.

ಮೊದಲ ಡಿಸ್ಕನ್ನ ನಿಧಾನ ವೇಗದಲ್ಲಿ ಮತ್ತೆ ಮತ್ತೆ ಓದಿಸಿ ಶುರುವಿನ 20 ನಿಮಿಷ ಉಳಿಸಿಕೊಂಡೆ. ಅದರಲ್ಲಿ ಬರೀ ಭಾಗವತರ ಪದ. ಚೆಂಡೆ ಚೆನ್ನಾಗಿ ಕೇಳುತ್ತೆ. ಫ್ರೇಮಿನ ಬಲಗಡೆ ಅಂಚಿನಲ್ಲಿ ಅಜ್ಜ ಕವಳ ಹಾಕ್ತಾ ಕೂತಿದ್ದಾರೆ, ಇನ್ನೂ ಮಾತಿಗೆ ಶುರು ಮಾಡಿಲ್ಲ.

ಈಗ ಏನು ಮಾಡಬೇಕು?

ಕನ್ವರ್ಟರ್ ಕಾಲ ಮುಗೀತು ಅಂತ ನಮಗೆ ಅನ್ನಿಸಿದೆ. ಈಗಿನ ಫೋನುಗಳು ಹೆಚ್ಚುಕಡಿಮೆ ಎಲ್ಲ ಫೈಲನ್ನೂ ಆಡ್ತವೆ. ನಿಜ ಏನಂದರೆ ಕನ್ವರ್ಟರ್ ಹೋಗಿಲ್ಲ, ಕಣ್ಣಿಗೆ ಕಾಣೋದು ನಿಂತಿದೆ. ಊರಲ್ಲಿ ಅಕ್ಕ ಮಗುವಿನ ನಾಮಕರಣದ ವಿಡಿಯೋ ವಾಟ್ಸಾಪಿನಲ್ಲಿ ಕಳಿಸಿದರೆ, ಕಳಿಸುವಾಗಲೇ ಅದು ಒತ್ತಿ ಸಣ್ಣದಾಗಿರುತ್ತೆ. ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುವ ನಾವು ಆ ಕಾಪಿಯನ್ನೇ ಇಟ್ಟುಕೊಳ್ತೀವಿ. ಅಕ್ಕನ ಫೋನ್ ತುಂಬಿದಾಗ ಅವಳು ಮೂಲ ಅಳಿಸ್ತಾಳೆ, 'ಗ್ರೂಪಲ್ಲಿ ಇದೆಯಲ್ಲ' ಅಂತ. ನಾನು 2007ರಲ್ಲಿ ಮಾಡಿದ್ದೂ ಇದನ್ನೇ.

ಹಾಗಾಗಿ ಇಪ್ಪತ್ತು ವರ್ಷದ ಈ ಇತಿಹಾಸದಿಂದ ನಾನು ಕಲಿತದ್ದು ಇಷ್ಟು.

ಒಂದು, ಮನೆಯ ವಿಡಿಯೋ ತರಿಸಿಕೊಳ್ಳುವಾಗ ಡಾಕ್ಯುಮೆಂಟ್ ಆಗಿ ಕಳಿಸೋಕೆ ಹೇಳಿ. ಆಗ ಫೈಲ್ ಇದ್ದ ಹಾಗೇ ಬರುತ್ತೆ. ಇಲ್ಲವೇ ಊರಿಗೆ ಹೋದಾಗ ಕೇಬಲ್ ಹಾಕಿ ನೀವೇ ಕಾಪಿ ಮಾಡಿಕೊಳ್ಳಿ. ಎರಡು ಕಡೆ ಇಡಿ, ಎರಡೂ ಒಂದೇ ಮನೆಯಲ್ಲಿ ಬೇಡ.

ಎರಡು, ಫೈಲ್ ಆಡಲಿಲ್ಲ ಅಂದರೆ ಕೂಡಲೇ ಕನ್ವರ್ಟ್ ಮಾಡಬೇಡಿ. ಎಷ್ಟೋ ಸಲ ಒಳಗಿನ ಚಿತ್ರ ಸರಿಯಾಗೇ ಇರುತ್ತೆ, ಡಬ್ಬಿ ಮಾತ್ರ ಹೊಂದೋದಿಲ್ಲ. ಎಫ್‌ಎಫ್‌ಎಂಪೆಗ್‌ನಲ್ಲಿ ಕೋಡೆಕ್ ಜಾಗದಲ್ಲಿ 'ಕಾಪಿ' ಅಂತ ಕೊಟ್ಟರೆ ಒಂದು ಪಿಕ್ಸೆಲ್ಲೂ ಹಾಳಾಗದೆ ಡಬ್ಬಿ ಬದಲಾಗುತ್ತೆ, ಅದೂ ಸ್ವಲ್ಪ ಹೊತ್ತಿನಲ್ಲಿ. ಹ್ಯಾಂಡ್‌ಬ್ರೇಕಿನಲ್ಲಿ ಇದು ಆಗೋದಿಲ್ಲ, ಅದು ಚಿತ್ರವನ್ನ ಯಾವಾಗಲೂ ಮತ್ತೆ ಒತ್ತುತ್ತೆ.

ಮೂರು, ಒತ್ತಲೇಬೇಕು ಅಂದಾಗ ಹ್ಯಾಂಡ್‌ಬ್ರೇಕ್ ಸಾಕು. ಬಿಟ್‌ರೇಟ್ ತಲೆಬಿಸಿ ಬೇಡ, 'ಕಾನ್‌ಸ್ಟಂಟ್ ಕ್ವಾಲಿಟಿ' ಆರಿಸಿ. ಹಳೇ ಡಿವಿಡಿ ಅಳತೆಯ ವಿಡಿಯೋಗೆ 18ರಿಂದ 22, ಫುಲ್ ಎಚ್‌ಡಿಗೆ 20ರಿಂದ 24 ಅಂತ ಅವರೇ ಹೇಳಿದ್ದಾರೆ. ಅಂಕಿ ಕಡಿಮೆ ಆದಷ್ಟೂ ಗುಣ ಹೆಚ್ಚು, ಫೈಲ್ ದೊಡ್ಡದು. ಅಧಿಕೃತ ತಾಣದಿಂದಲೇ ಇಳಿಸಿ, ಚೆಕ್‌ಸಮ್ ನೋಡಿ. 2017ರ ಮೇ ತಿಂಗಳಲ್ಲಿ ಕೆಲವು ದಿನ ಹ್ಯಾಂಡ್‌ಬ್ರೇಕಿನದೇ ಒಂದು ಡೌನ್‌ಲೋಡ್ ಸರ್ವರಿಗೆ ಕಳ್ಳರು ನುಗ್ಗಿ, ಮ್ಯಾಕ್ ಆವೃತ್ತಿಯ ಜಾಗದಲ್ಲಿ ಮಾಲ್‌ವೇರ್ ಇಟ್ಟಿದ್ದರು.

ನಾಲ್ಕನೆಯದು, ಇದೇ ಮುಖ್ಯ. ಯಾವ ಸಾಫ್ಟ್‌ವೇರಿನಿಂದ ಏನೇ ಮಾಡಿ, ಮಾಡೋದು ಕಾಪಿಯ ಮೇಲೆ. ಮೂಲ ಫೈಲ್ ಅಳಿಸಬೇಡಿ. ಪರದೆ ಮೂರು ವರ್ಷಕ್ಕೊಂದು ಬದಲಾಗುತ್ತೆ. ಆಗಿನ ಪರದೆಗೆ ಅಂತ ಕತ್ತರಿಸಿದ ಮುಖ ಮತ್ತೆ ಬೆಳೆಯೋದಿಲ್ಲ.

ಈ ವಾರ ಊರಿಗೆ ಫೋನ್ ಮಾಡಿದಾಗ ಕಪಾಟಿನಲ್ಲಿ ಕ್ಯಾಸೆಟ್ಟು, ಸಿಡಿ ಏನಾದರೂ ಇದೆಯಾ ಅಂತ ಕೇಳಿ. ಇದ್ದರೆ ಈ ಮಳೆಗಾಲಕ್ಕೆ ಮೊದಲು ತರಿಸಿಕೊಳ್ಳಿ. ಸಿಡಿಯನ್ನ ಕವರಿನಲ್ಲಿ ಹಾಕಿ ತರೋಕೆ ಹೇಳಿ.